ಕುಕ್ಕರಿನ ದಮಯಂತಿ

ಪುತ್ತೂರಿನ ದಮಯಂತಿಗೆ ಕುಕ್ಕರ್ ಕಂಪನಿಯ ಕೆಲಸ ಸಿಕ್ಕಿದ್ದು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ. ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು, ಬಸ್ಸೋ ಜೀಪೋ ಹತ್ತಿ, ಸುಳ್ಯ ಕಡಬದ ಕಡೆಯ ಮನೆಗಳಲ್ಲಿ ಹೆಂಗಸರ ಎದುರು ಅಡುಗೆ ಮಾಡಿ ತೋರಿಸಬೇಕು. ತಿಂಗಳಿಗೊಮ್ಮೆ ಮಂಗಳೂರಿನ ಆಫೀಸಿನಲ್ಲಿ ಮೀಟಿಂಗು.

ಕುಕ್ಕರ್ ಮುಟ್ಟಿ ಗೊತ್ತಿಲ್ಲದವರಿಗೆ ಆ ಆಫೀಸಿನಲ್ಲಿ ಒಂದೇ ಹೆಸರು, ಅಜ್ಜಿ. ನಿನ್ನೆ ಮೊನ್ನೆ ಮದುವೆಯಾಗಿ ಬಂದವಳಾದರೂ ಅಜ್ಜಿಯೇ. “ಈ ಸಲ ವಿಸಿಲಿಗೆ ಹೆದರಿ ಎಷ್ಟು ಅಜ್ಜಿಗಳು ಓಡಿದರು?” ಎಂದು ಮ್ಯಾನೇಜರ್ ತಿರುಮಲೇಶ್ವರ ಕೇಳಿದರೆ ಸರದಿಯಂತೆ ಎಲ್ಲರೂ ಕಥೆ ಹೇಳಬೇಕು. ದಮಯಂತಿಯೂ ಹೇಳುತ್ತಿದ್ದಳು. ಅವಳು ನಟಿಸಿ ತೋರಿಸಿದರೆ ಮೇಜು ಬಡಿದು ನಗುತ್ತಿದ್ದರು.

ಒಮ್ಮೆ ಐವರ್ನಾಡಿನ ಒಂದು ಮನೆಯಲ್ಲಿ ವಿಸಿಲ್ ಕೂಗಿದ್ದೇ ತಡ, ಸೊಸೆ ನೆಬೀಸ ಕಂಕುಳ ಮಗುವಿನೊಡನೆ ಅಂಗಳಕ್ಕೆ ಹಾರಿದಳು. ನೆರೆದವರೆಲ್ಲ ನಕ್ಕರು. ಆಮೇಲೆ ದಮಯಂತಿ ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ನೆಬೀಸ ಮೆಲ್ಲನೆ ಹತ್ತಿರ ಬಂದಳು.

“ಅಕ್ಕಾ, ನಾನು ಓಡಿದ್ದನ್ನು ಬೇರೆ ಕಡೆ ಹೇಳ್ಬೇಡಿ ಆಯ್ತಾ? ಮಗುವಿಗೆ ಎಂತ ಆಗ್ತದೋ ಅಂತ ಹೆದರಿಕೆ ಆಯ್ತು.”

“ಇಲ್ಲ ಮಾರಾಯ್ತಿ, ಯಾರಿಗೆ ಹೇಳುದು?” ಎಂದಳು ದಮಯಂತಿ. ಹಿಂದಿರುಗುವ ಬಸ್ಸಿನಲ್ಲಿ ಕುಕ್ಕರ್ ತೊಡೆಯ ಮೇಲೆ ಭಾರವಾಗಿತ್ತು.

ಮೀಟಿಂಗಿನಲ್ಲಿ ಅವಳ ಸರದಿ ಬಂತು.

“ಐವರ್ನಾಡಿನ ಅಜ್ಜಿಗಳ ಸುದ್ದಿ ಎಂತ?”

“ಎಂತದೂ ಇಲ್ಲ ಸರ್. ವಿಸಿಲ್ ಕೂಗ್ತದೆ ಅಂತ ನಾವು ಮೊದಲೇ ಹೇಳಿದ್ರೆ ಯಾರೂ ಓಡುದಿಲ್ಲ.”

“ಹೇಳಿದ್ರೆ ಮಜಾ ಎಲ್ಲಿ ಉಂಟು ಮಾರಾಯ್ರೆ?” ಎಂದು ತಿರುಮಲೇಶ್ವರ ನಕ್ಕ. ಉಳಿದವರೂ ನಕ್ಕರು. ವಾದ ಮಾಡುವ ತ್ರಾಣ ಅವಳಿಗಿರಲಿಲ್ಲ; ಬೆಳಿಗ್ಗೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದಳು.

ಮರುವಾರ ಕಡಬದಲ್ಲಿ ಅವಳು ಒಲೆ ಹಚ್ಚುವ ಮೊದಲೇ, “ಈಗ ಇದು ಕೂಗ್ತದೆ, ಹೆದರ್ಬೇಡಿ, ಹಬೆ ಹೊರಗೆ ಹೋಗುದು ಅಷ್ಟೇ” ಎಂದಳು. ವಿಸಿಲ್ ಕೂಗಿತು. ಯಾರೂ ಏಳಲಿಲ್ಲ. ಒಬ್ಬಾಕೆ ಕಿವಿ ಮುಚ್ಚಿಕೊಂಡಳು, ಅಷ್ಟೇ.

ಅಲ್ಲಿಂದ ಮುಂದೆ ಅವಳ ಬಳಿ ಹೇಳುವ ಕಥೆ ಇರಲಿಲ್ಲ. ಕ್ರಮೇಣ ಮೀಟಿಂಗಿನಲ್ಲಿ ಅವಳನ್ನು ಕೇಳುವುದನ್ನೂ ಬಿಟ್ಟರು. ಕುಕ್ಕರ್ ಗೊತ್ತಿಲ್ಲದವರಿಗೆ ಅಜ್ಜಿ ಎಂಬ ಹೆಸರು ಮಾತ್ರ ಆಫೀಸಿನಲ್ಲಿ ಹಾಗೆಯೇ ಉಳಿಯಿತು. ಮಂಡಿನೋವು ಜೋರಾಗಿ ಎಂಬತ್ತನಾಲ್ಕರಲ್ಲಿ ಕೆಲಸ ಬಿಡುವವರೆಗೂ ಅವಳು ಹಿಂದಿನ ಕುರ್ಚಿಯಲ್ಲಿ ಕೂತು, ನಗು ಮುಗಿಯುವುದನ್ನು ಕಾಯುತ್ತಿದ್ದಳು.