ನಾನು ಬರೆದ ಜಮಖಾನ

ಗೆಳತ್ಯಾರೇ, ಕನಸಿನಾಗ ಅವ್ವ ಬಂದು ನನ್ನ ಜಮಖಾನದ ಮ್ಯಾಲೆ ಕುಂತಳು. "ಅಯ್ಯ, ತಣ್ಣಗೈತಲ್ಲ ಇದು" ಅಂತ ಎದ್ದುಬಿಟ್ಟಳು. ಅದು ನೇಯ್ದದ್ದಲ್ಲ. ಕಲಘಟಗಿಯ ನಮ್ಮ ಫೋಟೋ ಸ್ಟುಡಿಯೋದ ಸಿಮೆಂಟ್ ನೆಲದ ಮ್ಯಾಲೆ ಒಂದೊಂದು ನೂಲನ್ನೂ ಸಣ್ಣ ಬ್ರಶ್‌ನಿಂದ ಎಳೆದು ನಾನು ಬರೆದದ್ದು.

ಇವತ್ತು ತಂಬೂರ ಊರಿನ ಒಬ್ಬ ಮುದುಕಿ ಫೋಟೋ ತೆಗೆಸಾಕ ಬಂದಾಕಿ, ಅದರ ಅಂಚಿಗೆ ಚಪ್ಪಲಿ ಬಿಟ್ಟು ನಿಂತಳು.

"ಬರ್ರಿ ಆಯಿ, ಅದು ಬರೇ ಬಣ್ಣ" ಅಂದ್ರು ನಮ್ಮ ಮನಿಯವರು.

ಆಕಿ ಬಗ್ಗಿ ಕೈಯಾಡಿಸಿ, "ಹೌದೇನೋ ತಮ್ಮಾ? ಆದ್ರೂ ತುಳಿಯಾಕ ಮನಸ ಬರವಲ್ದು" ಅಂದಳು. ನನ್ನ ಕಡೆ ತಿರುಗಿ, "ನೇಯೋರ ಮನಿ ಮಗಳೇನಬೇ ನೀ?"

ಹೌದ್ರಿ ಅಂದೆ. ಆದರೆ ನವಲಗುಂದದ ನಮ್ಮ ತವರುಮನಿಯಾಗ ಮಗ್ಗ ಸೊಸಿಗೆ ಕಲಿಸ್ತಾರ, ಮಗಳಿಗಲ್ಲ. ಮಗಳು ಕಸಬು ಬ್ಯಾರೆ ಮನಿಗೆ ಒಯ್ತಾಳಂತ. ನನ್ನ ಸಾಲಿ ಬಿಡಿಸಿದ್ರು, ಮಗ್ಗನೂ ಮುಟ್ಟಗೊಡಲಿಲ್ಲ. ದೂರ ಕುಂತು ಅವ್ವನ ಕೈ ನೋಡಿದ್ದಷ್ಟ ನನ್ನ ಪಾಲು.

ಮುದುಕಿ ಬರಿಗಾಲಲ್ಲೇ ಫೋಟೋ ತೆಗೆಸಿಕೊಂಡು ಹೋದಳು. ನನಗೀಗ ಒಂದ ಚಿಂತಿ. ನವಲಗುಂದಕ್ಕ ಹೋದವರು ಅವ್ವನ ಮಗ್ಗದಾಗ ಒಂದು ಸಲ ನೋಡ್ರಿ: ಜಮಖಾನದಾಗಿನ ನವಿಲಿನ ಕಾಲ ಬಾಜೂಕ ಕೆಂಪ ಎಳಿ ಮೂರೋ, ನಾಕೋ? ನಾ ಮೂರು ಎಳದೇನಿ. ಕೇಳಿದ್ದು ನಾ ಅಂತ ಮಾತ್ರ ಹೇಳಬ್ಯಾಡ್ರಿ, ಕದ್ದು ಕಲತಾಳ ಅಂದಾಳು.