ರಕ್ತದ ಹಾಲಪ್ಪ ಮತ್ತು ನನ್ನ ಹರಕೆಯ ಕಾಯಿ

ಮೊನ್ನೆ ಬೆಳಿಗ್ಗೆ ಜಗಲಿಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಪೇಟೆಗೆ ಹೋಗಿದ್ದ ನಮ್ಮನೆಯವರು ಚಪ್ಪಲಿ ಬಿಡುವ ಮೊದಲೇ, "ಲೇ, ಹಾಲಪ್ಪ ಹೋಗ್ಬಿಟ್ಟನಂತೆ ಕಣೇ. ನಿನ್ನೆ ಸಂಜೆ" ಅಂದರು. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ ಕಡ್ಡಿಯನ್ನೆಲ್ಲ ಬುಟ್ಟಿಗೆ ಹಾಕಿ ಸೊಪ್ಪನ್ನು ಕಸಕ್ಕೆ ಎಸೆದಿದ್ದೆ.

ಅಜ್ಜಂಪುರದಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ರಕ್ತದ ಹಾಲಪ್ಪ ಅಂತಲೇ. ತರೀಕೆರೆಯ ಒಂದು ಲ್ಯಾಬಿಗೆ ಸುತ್ತಲ ಊರುಗಳಿಂದ ರಕ್ತ ತೆಗೆದುಕೊಂಡು ಹೋಗುವುದು ಅವರ ಕೆಲಸ. ಹಳೇ ಮೊಪೆಡ್ಡು, ಕಾಲಿನ ಹತ್ತಿರ ಐಸು ತುಂಬಿದ ಡಬ್ಬಿ, ಕಿವಿಯ ಮೇಲೊಂದು ಪೆನ್ನು. ಅವರು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮೊದಲು ಮೊಣಕೈ ನೋಡುತ್ತಿದ್ದರು. ಒಂದು ಮದುವೆಯ ಊಟದಲ್ಲಿ ಸಾರು ಬಡಿಸಲು ಬಗ್ಗಿದವನ ಕೈ ನೋಡಿ, "ಏನಪ್ಪಾ, ಈ ನರ ನಾನು ನೋಡಿದೀನಲ್ಲ?" ಅಂದುಬಿಟ್ಟಿದ್ದರು. ಸಾರು ಎಲೆಗೆ ಬೀಳದೆ ಪಕ್ಕದವರ ಪಂಚೆಗೆ ಬಿತ್ತು. ಆದರೆ ಯಾವ ಕಾಯಿಲೆಗೆ ನೋಡಿದ್ದು ಅಂತ ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ.

ನನಗೆ ಸಕ್ಕರೆ ಕಾಯಿಲೆ. ಮಂಡಿ ನೋವು ಬೇರೆ. ಐದು ವರ್ಷ ಕುರ್ಚಿಯ ಮೇಲೆ ಕೂತೇ ಪೂಜೆ ಮಾಡಿದ್ದೇನೆ. ಕಡೂರಿನ ಡಾಕ್ಟರು ಅನ್ನ, ಮುದ್ದೆ ಕಡಿಮೆ ಮಾಡಿ ಅಂದಾಗ, ಅಂತರಘಟ್ಟಮ್ಮನಿಗೆ ಒಂದು ಹರಕೆ ಹೊತ್ತೆ: "ತಾಯೀ, ಸಕ್ಕರೆ ಇಳಿಸು, ಒಂದು ವರ್ಷ ದಿನಾ ನಿನ್ನ ಪಟದ ಮುಂದೆ ಒಂದು ಕಾಯಿ ಒಡೀತೀನಿ." ಮುದ್ದೆ ಬಿಟ್ಟೆ, ಅನ್ನ ಒಂದು ಹಿಡಿಗೆ ತಂದೆ. ಸೊಪ್ಪು, ಕಾಳು, ಪನೀರು, ಮೊಸರು, ಮೇಲೆರಡು ಚಮಚ ತುಪ್ಪ. ಸಕ್ಕರೆ ಇಳಿಯಿತು. ಎಂಟು ಕೆಜಿ ತೂಕವೂ ಇಳಿಯಿತು. ಒಂದು ದಿನ ಕುರ್ಚಿ ಸರಿಸಿ ಚಕ್ಕಳಮಕ್ಕಳ ಹಾಕಿ ಕೂತೆ. ಎದ್ದೆ ಕೂಡ! ಅವತ್ತಿನಿಂದ ಕಾಯಿ ಶುರು.

ಆರು ತಿಂಗಳಿಗೆ ಕೊಲೆಸ್ಟ್ರಾಲ್ ನೋಡಿಸಿ ಅಂದರು ಡಾಕ್ಟರು. ಹಾಲಪ್ಪನವರು ರಕ್ತ ತೆಗೆದುಕೊಂಡು ಹೋಗಿ ಮಾರನೇ ದಿನ ರಿಪೋರ್ಟು ತಂದರು. ನಮ್ಮನೆಯವರು ಕೈ ಚಾಚಿದರೆ ಕೊಡಲಿಲ್ಲ.

"ಯಜಮಾನ್ರೇ, ರಕ್ತ ಕೊಟ್ಟೋರು ಅವರು. ಕಾಗದ ಅವರಿಗೆ."

"ಅವಳಿಗೆ ಏನ್ರೀ ಗೊತ್ತಾಗುತ್ತೆ ಇದು?"

"ನಿಮಗೆ ಗೊತ್ತಾಗುತ್ತಾ?"

"ಇಲ್ಲ."

"ಹಂಗಾದ್ರೆ ಅವರೇ ಇಟ್ಕೊಳ್ಳಲಿ ಬಿಡಿ."

ಕಾಗದದಲ್ಲಿ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಅನ್ನುವ ಕಡೆ ನೂರಾ ಎಂಬತ್ತಾರು ಅಂತ ದಪ್ಪಕ್ಷರದಲ್ಲಿತ್ತು. ನಮ್ಮಕ್ಕ ಎದೆನೋವಿನಲ್ಲೇ ಹೋದವಳು. "ನಾಳೆಯಿಂದ ಮುದ್ದೆ ತಿನ್ನು, ಸಾಕು ಈ ಹುಚ್ಚಾಟ" ಅಂದರು ನಮ್ಮನೆಯವರು. ಮುದ್ದೆ ತಿಂದರೆ ಸಕ್ಕರೆ ಏರುತ್ತೆ, ಮತ್ತೆ ಕುರ್ಚಿ. ತಿನ್ನದೆ ಇದ್ದರೆ ಅಕ್ಕನ ದಾರಿ. ಡಾಕ್ಟರು ಏನೇನು ತಿಂತೀರಿ ಅಂತ ಕೇಳಿದರು, ತುಪ್ಪವೂ ಸೇರಿ ಎಲ್ಲ ಹೇಳಿದೆ. "ಒಂದು ತಿಂಗಳು ಬಿಟ್ಟು ಇನ್ನೊಂದ್ಸಲ ನೋಡೋಣ. ಹೀಗೇ ಇದ್ದರೆ ಮಾತ್ರೆ ಬರೀತೀನಿ" ಅಂದರು.

ಆ ಎರಡನೇ ಟೆಸ್ಟಿಗೆ ಹಾಲಪ್ಪನವರು ಬಂದಾಗ ನಾನು ಆಗತಾನೆ ಮಂಗಳಾರತಿ ಮುಗಿಸಿದ್ದೆ.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?"

ನಾನು ಇಲ್ಲ ಅಂತ ತಲೆ ಆಡಿಸಿದೆ.

"ಬಾಯಲ್ಲಿ ಹೇಳಿ."

ಹೇಳುವುದು ಹೇಗೆ? ಬಾಯಿ ತುಂಬ ಕಾಯಿ. ನುಂಗಿ, "ಪ್ರಸಾದ ಕಣ್ರೀ, ತಿಂಡಿ ಅಲ್ಲ" ಅಂದೆ.

ಹಾಲಪ್ಪನವರು ಸೂಜಿಯನ್ನು ವಾಪಸ್ ಡಬ್ಬಿಗಿಟ್ಟರು. "ಅಮ್ಮಾ, ಮೆಷಿನ್ನಿಗೆ ದೇವರ ಭಯ ಇಲ್ಲ. ನಾಳೆ ಬತ್ತೀನಿ." ಎದ್ದವರು ಮತ್ತೆ ಕೂತರು. "ಅಲ್ಲಾ, ದಿನಾ ಎಷ್ಟು ತಿಂತೀರಿ ಇದನ್ನ?"

"ಒಂದು ಹೋಳು ಸಾರಿಗೆ ಹೋಗುತ್ತೆ. ಇವರಿಗೆ ಹಲ್ಲಿಲ್ಲ. ಇನ್ನೊಂದು ಹೋಳು ನನಗೇ. ದೇವರದ್ದು, ಬಿಸಾಡೋಕಾಗುತ್ತಾ?"

"ಪೂರ್ತಿ ಹೋಳು? ದಿನಾ? ಡಾಕ್ಟ್ರಿಗೆ ಹೇಳಿದ್ರಾ?"

"ಅವರು ಊಟ ತಿಂಡಿ ಕೇಳಿದರು. ಪ್ರಸಾದ ಕೇಳಲಿಲ್ಲ."

ಅವರು ನಕ್ಕ ನಗುವಿಗೆ ಎದುರು ಮನೆಯವರು ಬಾಗಿಲಿಗೆ ಬಂದರು. ಆಮೇಲೆ ಹಳೇ ರಿಪೋರ್ಟು ತರಿಸಿ, ಕಿವಿಯ ಪೆನ್ನು ತೆಗೆದು, ಯಾವಾಗಲೂ ಹೇಳುವಂತೆ "ನಾನು ಡಾಕ್ಟ್ರಲ್ಲ, ಬರೀ ತಗೊಂಡೋಗೋನು" ಅಂತ ಶುರುಮಾಡಿದರು. ಆ ಮಾತು ಬಂತು ಅಂದರೆ ಕಾಲು ಗಂಟೆ ಪಾಠ ಅಂತ ಊರಿಗೆಲ್ಲ ಗೊತ್ತು.

"ಈ ಟ್ರೈಗ್ಲಿಸರೈಡು ನೋಡಿ, ತೊಂಬತ್ತೆಂಟು. ಚೆನ್ನಾಗಿದೆ, ಅನ್ನ ಮುದ್ದೆ ಕಮ್ಮಿ ಮಾಡಿದ್ರೆ ಇದು ಇಳಿಯುತ್ತೆ. ಎಚ್‌ಡಿಎಲ್ಲು ಒಳ್ಳೇದು, ಅದೂ ಸರಿಯಾಗಿದೆ. ಕೆಟ್ಟಿರೋದು ಇದೊಂದೇ. ಕಾಯಿ, ತುಪ್ಪ ಜಾಸ್ತಿ ಆದ್ರೆ ಕೆಲವರಿಗೆ ಇದು ಏರುತ್ತೆ. ನೀವು ಮುದ್ದೆ ಬಿಟ್ಟಿದ್ದನ್ನ ಬೈತಾ ಕೂತಿದೀರಿ. ಬಿಟ್ಟಿದ್ದಲ್ಲ ಕಣಮ್ಮ, ಹಿಡ್ಕೊಂಡಿದ್ದು ನೋಡಿ."

"ಹಂಗಂತ ಹರಕೆ ಬಿಡ್ಲಾ? ಅಮ್ಮನೋರು ಸುಮ್ಮನಿರ್ತಾರಾ?"

"ಹರಕೆ ಹೊತ್ತಿದ್ದು ಒಡೆಯೋಕೋ, ತಿನ್ನೋಕೋ?"

ನಾನು ಅಮ್ಮನ ಪಟದ ಕಡೆ ತಿರುಗಿ ನೋಡಿದೆ.

"ಪ್ರಸಾದ ಅಂದ್ರೆ ಹಂಚೋದಲ್ವಾ? ಒಬ್ಬಳೇ ಕೂತು ಪೂರ್ತಿ ತಿನ್ನು ಅಂತ ಅಮ್ಮನೋರು ಯಾವತ್ತು ಹೇಳಿದ್ರು?"

ಇಷ್ಟು ವರ್ಷ ಪೂಜೆ ಮಾಡಿದವಳಿಗೆ ಇದು ಹೊಳೆದಿರಲಿಲ್ಲ, ಸೂಜಿ ಹಿಡಿದವರು ಬಂದು ಹೇಳಬೇಕಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು.

ಮಾರನೇ ದಿನದ ಟೆಸ್ಟಿನಲ್ಲೂ ಆ ಎಲ್‌ಡಿಎಲ್ ಇಳಿದಿರಲಿಲ್ಲ. ಡಾಕ್ಟರ ಹತ್ತಿರ ಹೋಗಿ ಪ್ರಸಾದದ ಲೆಕ್ಕ ಒಪ್ಪಿಕೊಂಡೆ. ಅವರು ಪೆನ್ನು ಕೆಳಗಿಟ್ಟು ನಕ್ಕರು. ಕಾಯಿ, ತುಪ್ಪ ಕಮ್ಮಿ ಮಾಡಿ, ಊಟ ಹೀಗೇ ಇರಲಿ, ಮೂರು ತಿಂಗಳು ನೋಡೋಣ ಅಂದರು. ಅಲ್ಲಿಂದ ನನಗೆ ಒಂದು ಚೂರು ಮಾತ್ರ. ಉಳಿದದ್ದು ಎದುರು ಮನೆಗೆ, ಹೂವಿನವಳಿಗೆ. ಹಾಲಪ್ಪನವರು ಈ ಬೀದಿಗೆ ಬಂದ ದಿನ ಅರ್ಧ ಹೋಳು ಅವರ ಚೀಲಕ್ಕೆ. "ಸೂಜಿ ಕಂಡು ತಲೆ ಸುತ್ತೋರು ಬೇಕಾದಷ್ಟು ಜನ ಇದಾರೆ, ರಕ್ತ ತೆಗೆದಾದ್ಮೇಲೆ ಒಂದೊಂದು ಚೂರು ಕೊಡ್ತೀನಿ" ಅನ್ನುತ್ತಿದ್ದರು. ಹರಕೆಯ ಕಾಯಿ ಅಷ್ಟು ಊರು ಸುತ್ತಿತಲ್ಲ ಅಂತ ನನಗೆ ಈಗಲೂ ಸಮಾಧಾನ.

ಮೂರನೇ ರಿಪೋರ್ಟು ಅವರೇ ತಂದರು. ಅದೇ ಕೊನೆಯ ಭೇಟಿ. ನೂರಾ ಮೂವತ್ತೆಂಟು. "ಇಳಿದಿದೆ, ಪೂರ್ತಿ ಇಳಿದಿಲ್ಲ. ಕುಣೀಬೇಡಿ, ಡಾಕ್ಟ್ರಿಗೆ ತೋರಿಸಿ" ಅಂದರು. ಮಾತ್ರೆ ಸದ್ಯಕ್ಕೆ ಬೇಡ, ಆರು ತಿಂಗಳಿಗೆ ಮತ್ತೆ ನೋಡೋಣ ಅಂದರು ಡಾಕ್ಟರು. ಕುರ್ಚಿ ಅಟ್ಟ ಸೇರಿತು. ತಾಯಿ ದೊಡ್ಡವಳು.

ಅವತ್ತು ಹಾಲಪ್ಪನವರ ಅಂಗಿ ತೀರಾ ಸಡಿಲವಾಗಿತ್ತು. "ನೀವೂ ಮುದ್ದೆ ಬಿಟ್ರಾ?" ಅಂತ ತಮಾಷೆ ಮಾಡಿದೆ. "ಊರೋರ ರಕ್ತ ಎಲ್ಲಾ ನೋಡ್ತೀನಿ, ನಂದು ತೆಗೆಯೋರು ಯಾರಮ್ಮ?" ಅಂತ ಅವರೂ ನಕ್ಕರು. ಮೊಪೆಡ್ಡು ಶುರುಮಾಡಿದವರು ತಿರುಗಿ, "ಅಮ್ಮಾ, ಯಾರೇ ಬರ್ಲಿ, ಎಡಗೈನೇ ಕೊಡ್ರಿ. ನಿಮ್ಮ ಬಲಗೈ ನರ ಜಾರುತ್ತೆ" ಅಂದರು. ಯಾರೇ ಬರಲಿ ಅಂತ ಯಾಕಂದರು ಅಂತ ಆಗ ಕೇಳಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ.

ಮುಂದಿನ ವಾರ ಆರು ತಿಂಗಳ ಟೆಸ್ಟು. ಲ್ಯಾಬಿನಿಂದ ಹೊಸ ಹುಡುಗಿ ಬರ್ತಾಳಂತೆ. ಅವಳು ಕೇಳುವ ಮೊದಲೇ ಎಡಗೈ ಚಾಚಬೇಕು.

ಮೊನ್ನೆ, ಆ ಸುದ್ದಿ ಕೇಳಿದ ಮೇಲೆ, ಕಸದಿಂದ ಸೊಪ್ಪು ಆರಿಸಿ ಎರಡು ಸಲ ತೊಳೆದೆ. ನಮ್ಮನೆಯವರು ಇನ್ನೂ ಬಾಗಿಲಲ್ಲೇ ನಿಂತಿದ್ದರು. "ಕೈಕಾಲು ತೊಳ್ಕೊಳ್ಳಿ" ಅಂತ ಹೇಳಿ, ಅವರ ಮುದ್ದೆಗೆ ಎಸರಿಡಲು ಒಳಗೆ ಹೋದೆ.