ಸುಮ್ಮನಿದ್ದವರ ಲೈನು

ಮೊನ್ನೆ ಮಿಕ್ಸಿಯ ಪ್ಲಗ್ ಸುಟ್ಟಿತು. ಕಾದ ಬೇಕಲೈಟ್ ಪ್ಲಾಸ್ಟಿಕ್ಕಿನ ಆ ವಾಸನೆಗೆ ಅರವತ್ತರ ದಶಕದ ಕೊಳ್ಳೇಗಾಲದ ಟೆಲಿಫೋನ್ ಎಕ್ಸ್‌ಚೇಂಜೂ, ಬೋರ್ಡಿನ ಮುಂದೆ ಹೆಡ್‌ಫೋನ್ ಹಾಕಿ ಕೂತ ಅಕ್ಕನೂ ಎದ್ದುಬಂದರು... ಕಾನ್ವೆಂಟ್ ಮುಗಿಸಿ ಆಗಷ್ಟೇ ಸೇರಿದ್ದ ನನಗೆ ಅವರು ಸೀನಿಯರ್ ಆಪರೇಟರ್, ಎಲ್ಲರ ಬಾಯಲ್ಲೂ ಅಕ್ಕ.

ಮೈಸೂರಿಗೆ ಇದ್ದದ್ದು ಒಂದೇ ಟ್ರಂಕ್ ಲೈನ್. ಹನೂರು, ಯಳಂದೂರಿನವರೂ ಅದಕ್ಕೇ ಕಾಯಬೇಕು. ಮತ್ತೆ ಸಿಗುವುದಿಲ್ಲವೆಂದು ರೇಷ್ಮೆ ಸಾಹುಕಾರರು ಲೈನ್ ಬಿಡುತ್ತಲೇ ಇರಲಿಲ್ಲ. "ತಡೀರಿ, ಗೂಡು ನೋಡ್ಕಂಡ್ ಬತ್ತೀನಿ" ಎಂದು ರಿಸೀವರ್ ಪಕ್ಕಕ್ಕಿಟ್ಟು ಹೋಗುವರು. ಅಷ್ಟರಲ್ಲಿ ಅಕ್ಕ ಅವರ ಪ್ಲಗ್ ಕಿತ್ತು ಇನ್ನೊಬ್ಬರದ್ದು ಸಿಕ್ಕಿಸುವರು. ಮೈಸೂರಿನ ಆಪರೇಟರೂ ಅತ್ತ ಬದಲಿಸುವಳು. ಸಾಹುಕಾರರು ವಾಪಸು ಬರುವಷ್ಟರಲ್ಲಿ ಮತ್ತೆ ಅವರದ್ದೇ ಹಾಕಿರುವರು. ರೂಲ್ ಬುಕ್ಕಿನಲ್ಲಿ ಇದೆಲ್ಲ ಇರಲಿಲ್ಲ. ಎಂಜಿನಿಯರಿಂಗ್ ಓದುವ ನನ್ನ ಮೊಮ್ಮಗಳು, ಈಗ ಮಷೀನೇ ದನಿಗಳನ್ನು ನಂಬರುಗಳಾಗಿಸಿ, ಒಬ್ಬರು ಸುಮ್ಮನಾದಾಗ ಇನ್ನೊಬ್ಬರದನ್ನು ಕಳಿಸುತ್ತದೆ ಎನ್ನುತ್ತಾಳೆ. ಮೈ ಡಿಯರ್, ನಮ್ಮಕ್ಕ ಅದನ್ನು ಕಿವಿಯಲ್ಲೇ ಮಾಡುತ್ತಿದ್ದರು!

ಒಂದು ಮಧ್ಯಾಹ್ನ ಅಕ್ಕ ಊಟಕ್ಕೆ ಎದ್ದಿದ್ದರು. ಹನೂರಿನ ಪೋಸ್ಟಾಫೀಸಿನಿಂದ ಅಜ್ಜೀಪುರದ ಹೆಂಗಸೊಬ್ಬಳು ಮೈಸೂರಿನ ಅಣ್ಣನಿಗೆ ಫೋನ್ ಮಾಡಿದ್ದಳು. ಮನೆಯವರ ಮಾತು ಮೀರಿ ಮದುವೆಯಾದವಳು. "ಅಣ್ಣಾ, ಅವ್ವನ್ನ ಒಂದ್ಸಲ ನೋಡ್ಕಂಡ್ ಓಯ್ತೀನಿ, ಬರ್ಲಾ?" ಎಂದಳು. ಅತ್ತ ಸದ್ದೇ ಇಲ್ಲ. ನಾನು, ಸ್ಮಾರ್ಟ್ ಗರ್ಲ್, ಖಾಲಿ ಲೈನ್ ಎಂದು ಕಾಯುತ್ತಿದ್ದ ಸಾಹುಕಾರರೊಬ್ಬರಿಗೆ ಕೊಟ್ಟುಬಿಟ್ಟೆ. ತಿರುಗಿ ಹಾಕುವಷ್ಟರಲ್ಲಿ ಇಬ್ಬರೂ ಫೋನ್ ಇಟ್ಟಿದ್ದರು; ಲೈನ್ ಮತ್ತೆ ಸಾಹುಕಾರರಿಗೇ ಹೋಯಿತು.

ಕೈ ತೊಳೆದು ಬಂದ ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ. ಸಾಹುಕಾರರ ಪ್ಲಗ್ ಕಿತ್ತು ಅಣ್ಣನನ್ನು ಹಿಡಿದರು. "ಬಾವ್ವಾ ಅಂದೆ ಕಣ್ರಿ," ಎಂದನಾತ, "ಆ ಕಡೆ ಯಾರೂ ಇರ್ನಿಲ್ಲ."

"ಮಡಗ್ಬೇಡಿ ಸಾ, ಇಡ್ಕಂಡಿರಿ" ಎಂದರು ಅಕ್ಕ. ಅಕ್ಕ ಹೇಳಿದ್ದಕ್ಕೆ ಹನೂರಿನ ಪೋಸ್ಟ್‌ಮಾಸ್ಟರ್ ಬಸ್ಸಿಗೆ ಹೋದವಳನ್ನು ಕರೆತರಲು ಓಡಿದರು. ಇತ್ತ ಲೋಕಲ್ ಲೈನಿನಲ್ಲಿ ಸಾಹುಕಾರರ ಕೂಗು: "ನನ್ ಗೂಡೆಲ್ಲ ಚಿಟ್ಟೆ ಆಗೋಯ್ತದೆ ಕಣವ್ವೋ!"

"ಆಗ್ಲಿ ಬುಡಿ ಸಾವ್ಕಾರ್ರೆ, ಆರ್ಕಂಡ್ ಓಗ್ಲಿ!"

ಅವಳು ಏದುತ್ತಾ ಬಂದಳು. ಅಣ್ಣ ಮತ್ತೆ "ಬಾವ್ವಾ" ಎಂದ. ಆಮೇಲೆ ಇಬ್ಬರೂ ಅಳುತ್ತಾ ಸುಮ್ಮನಿದ್ದರು. ನನ್ನ ಕೈ ಅಭ್ಯಾಸಬಲದಿಂದ ಪ್ಲಗ್ಗಿನತ್ತ ಹೋಯಿತು. ಅಕ್ಕ ಅದರ ಮೇಲೆ ತಮ್ಮ ಕೈಯಿಟ್ಟರು. "ಸಾವ್ಕಾರ್ರು ಎದ್ದೋದ್ರೆ ಲೈನು ಖಾಲಿ. ಇವ್ರು ಎಲ್ಗೂ ಓಗಿಲ್ಲ ಕಣೇ."

ರಿಟೈರಾಗಿ ಅಕ್ಕ ಯಳಂದೂರು ಸೇರಿದರು. ಎಪ್ಪತ್ತರ ದಶಕದಲ್ಲಿ, ಅವರಿಗೆ ಕಾಯಿಲೆ ಎಂದು ಕೇಳಿ, ಆಗ ಮೈಸೂರಿನಲ್ಲಿದ್ದ ನಾನು ಟ್ರಂಕ್ ಕಾಲ್ ಬುಕ್ ಮಾಡಿದೆ. "ಏನವ್ವಾ" ಎಂದರು. ಆಮೇಲೆ ಇಬ್ಬರಿಗೂ ಮಾತೇ ಬರಲಿಲ್ಲ... ಕೊಳ್ಳೇಗಾಲದ ಬೋರ್ಡಿನಲ್ಲಿದ್ದ ಹೊಸ ಹುಡುಗಿಗೂ ಅವರೇ ಕಲಿಸಿದ್ದಿರಬೇಕು, ಪ್ಲಗ್ ಕೀಳಲಿಲ್ಲ. ಅದೇ ಕೊನೆ.

ಈಗ ಫೋನಿನಲ್ಲಿ ನಾನು ಒಂದು ಕ್ಷಣ ಸುಮ್ಮನಾದರೂ ಮೊಮ್ಮಗಳು ಗಾಬರಿಯಾಗುತ್ತಾಳೆ. "ಹಲೋ ಅಜ್ಜಿ, ಕಟ್ಟಾಯ್ತಾ?"

"ಇಲ್ಲ ಪುಟ್ಟಾ, ಇಲ್ಲೇ ಇದೀನಿ" ಎನ್ನುತ್ತೇನೆ. ಅಕ್ಕನಿಗಾದರೆ ಅಷ್ಟನ್ನೂ ಹೇಳಬೇಕಿರಲಿಲ್ಲ...